ಎಲೆಗೆ ಮಜ್ಜಿಗೆ ಬಂದ ಹೊತ್ತು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟ್ ಹೋದಾಗ ಆಡಿದ ಹರಟೆಯನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಇವತ್ತು ನಾನು ಒಂದು ವಿಡಿಯೋ ಗೇಮ್‌ನ ಕೊನೆಯನ್ನು ಬಿಚ್ಚಿ ಹೇಳಲಿದ್ದೇನೆ. ‘ದಿ ವಿಚರ್ 3’ ಆಡುತ್ತಿರುವವರು, ಆಡಬೇಕು ಅಂತಿರುವವರು ಈಗಲೇ ಎದ್ದು ಹೊರಗೆ ಹೋಗಿ ಕಾಫಿ ಕುಡಿಯಬಹುದು. ಸ್ಪಾಯ್ಲರ್ ಕೊಟ್ಟ ಪಾಪ ನನಗೆ ಬೇಡ. (ಇಬ್ಬರು ಎದ್ದರು. ಅವರಲ್ಲಿ ಒಬ್ಬ ಹುಡುಗ ಬಾಗಿಲವರೆಗೆ ಹೋಗಿ, ಏನೋ ಯೋಚಿಸಿ, ವಾಪಸ್ ಬಂದು ಕೂತ.)

ವಿಡಿಯೋ ಗೇಮ್ ಅಂದರೆ ಮಕ್ಕಳು ಮೊಬೈಲ್ ಮೇಲೆ ಬೆರಳು ಉಜ್ಜುವುದು ಅಂದುಕೊಂಡ ಹಿರಿಯರೂ ಇಲ್ಲಿದ್ದೀರಿ. ನಿಮಗಾಗಿ ಎರಡು ಮಾತು. ಆರ್‌ಪಿಜಿ ಅಂತ ಒಂದು ಬಗೆಯ ಆಟವಿದೆ. ಅದರಲ್ಲಿ ನೀವು ಒಂದು ಪಾತ್ರವಾಗಿ ಊರೂರು ತಿರುಗುತ್ತೀರಿ. ಜನರ ಜೊತೆ ಮಾತಾಡುತ್ತೀರಿ, ಯಾವ ಉತ್ತರ ಕೊಡಬೇಕು ಅಂತ ನೀವೇ ಆರಿಸುತ್ತೀರಿ. ಜಗಳ, ಯುದ್ಧ, ವ್ಯಾಪಾರ ಎಲ್ಲ ಇರುತ್ತದೆ. ದಿನಕ್ಕೊಂದು ಗಂಟೆ ಆಡಿದರೆ ತಿಂಗಳುಗಟ್ಟಲೆ ಬರುತ್ತದೆ. ನಾನು ಹೇಳುವ ಆಟದ ಕಥೆಯೊಂದನ್ನೇ ಹಿಡಿದುಕೊಂಡು ಹೋದರೂ ಹೆಚ್ಚುಕಡಿಮೆ 50 ಗಂಟೆ ಬೇಕು. ಎಲ್ಲ ಮೂಲೆಗಳನ್ನೂ ನೋಡುತ್ತೇನೆ ಅಂದರೆ 150 ದಾಟುತ್ತದೆ.

ಈಗ ಮದುವೆ ಊಟಕ್ಕೆ ಬನ್ನಿ. ಊಟ ಮುಗಿಯಿತು ಅಂತ ಅಲ್ಲಿ ಯಾರೂ ಕೂಗಿ ಹೇಳುವುದಿಲ್ಲ. ಆದರೆ ಮಜ್ಜಿಗೆ ಬಕೆಟ್ ಪಂಕ್ತಿಯ ಆ ತುದಿಯಲ್ಲಿ ಕಾಣಿಸಿದ ಕೂಡಲೇ ಎಲ್ಲರಿಗೂ ತಿಳಿಯುತ್ತದೆ. ಅಲ್ಲಿಯವರೆಗೆ ಗಬಗಬ ತಿನ್ನುತ್ತಿದ್ದವರ ಕೈ ನಿಧಾನವಾಗುತ್ತದೆ. ಎಲೆಯ ಮೂಲೆಯಲ್ಲಿ ಎತ್ತಿಟ್ಟ ಅರ್ಧ ಹೋಳಿಗೆ ನೆನಪಾಗುತ್ತದೆ. ಪಲ್ಯದವನು ಇನ್ನೊಂದು ಸಲ ಈ ಕಡೆ ಬರುತ್ತಾನಾ ಅಂತ ಕತ್ತೆತ್ತಿ ನೋಡುತ್ತಾರೆ. ಉದ್ದನೆಯ ಆಟವೊಂದು ಮುಗಿಯಲು ಬಂದಾಗ ಆಡುವವರ ಪಾಡೂ ಇದೇ. ನಾನು ಮಾತಾಡಲು ಬಂದಿರುವುದು ಈ ಮಜ್ಜಿಗೆ ಬಕೆಟ್ ಬಗ್ಗೆ.

ದಿ ವಿಚರ್ 3 ಹೊರಬಂದದ್ದು 2015ರ ಮೇ 19ರಂದು. ಮಾಡಿದವರು ಪೋಲೆಂಡಿನ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್. 2022ರ ಡಿಸೆಂಬರ್‌ನಲ್ಲಿ ಹೊಸ ಯಂತ್ರಗಳಿಗೆ ಹೊಂದುವಂತೆ ಅದನ್ನು ಮತ್ತೆ ತಿದ್ದಿ, ಹಳಬರಿಗೆ ಪುಕ್ಕಟೆ ಕೊಟ್ಟರು. ನಾನು ಕೈಗೆತ್ತಿಕೊಂಡದ್ದು ಅದಾದ ಮೇಲೆ. ಅಂದರೆ ಊರೆಲ್ಲ ಆಡಿ ಮುಗಿಸಿದ ಮೇಲೆ. ಆಟದ ನಾಯಕ ಗೆರಾಲ್ಟ್. ಬಿಳಿ ಕೂದಲು, ಬೆನ್ನ ಮೇಲೆ ಎರಡು ಕತ್ತಿ. ಉಕ್ಕಿನದು ಮನುಷ್ಯರಿಗೆ, ಬೆಳ್ಳಿಯದು ಭೂತ ಪಿಶಾಚಿಗಳಿಗೆ. ಕಾಸು ತಗೊಂಡು ಪಿಶಾಚಿ ಕೊಲ್ಲುವುದು ಅವನ ಕಸುಬು. ಅವನು ಮಗಳಂತೆ ಸಾಕಿದ ಹುಡುಗಿ ಸಿರಿ. ಪೂರ್ತಿ ಹೆಸರು ಸಿರಿಲ್ಲಾ, ನಮ್ಮ ಸಿರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಕಿವಿ ಕೇಳಬೇಕಲ್ಲ. ವೈಲ್ಡ್ ಹಂಟ್ ಅನ್ನುವ ಭೀಕರ ಸವಾರರ ಪಡೆ ಅವಳ ಬೆನ್ನು ಹತ್ತಿದೆ. ಅವರಿಗಿಂತ ಮುಂಚೆ ಗೆರಾಲ್ಟ್ ಅವಳನ್ನು ಹುಡುಕಬೇಕು.

ನಾನು ಆಡುವುದು ಹಾಲ್‌ನ ಟಿವಿಯಲ್ಲಿ, ರಾತ್ರಿ ಊಟ ಆದ ಮೇಲೆ. ಅಮ್ಮ ಪಕ್ಕದ ದಿವಾನದ ಮೇಲೆ ಕೂತಿರುತ್ತಾರೆ. ಶುರು ಮಾಡಿದಾಗ ಜನವರಿ, ಅವರೆಕಾಯಿ ಕಾಲ. ಅಮ್ಮ ನೆನೆಸಿದ ಕಾಳು ಹಿತುಕುತ್ತಾ ನೋಡುತ್ತಿದ್ದರು. ಧಾರಾವಾಹಿ ಬಿಟ್ಟು ಇದೇನು ಅಂತ ಎರಡು ದಿನ ಗೊಣಗಿದರು. ಮೂರನೇ ದಿನ ಕೇಳಿದರು, “ಆ ಹುಡುಗಿ ಸಿಕ್ಕಿದಳೇನೇ?”

ಆಮೇಲೆ ದಿನಾ ಅದೇ ಪ್ರಶ್ನೆ. “ಸಿರಿ ಸಿಕ್ಕಿದಳೇನೇ?”

“ಇಲ್ಲಮ್ಮ. ಸಿರಿ ಎಲ್ಲಿ ಅಂತ ಕೇಳಿದರೆ ಆ ಊರಿನ ದೊರೆ ಬ್ಯಾರನ್ ಮೊದಲು ನನ್ನ ಹೆಂಡತಿ, ಮಗಳನ್ನು ಹುಡುಕಿಕೊಡು ಅಂತಾನೆ.”

“ಹೆಂಡತಿಗೆ ಹೊಡೆದು ಓಡಿಸಿದ್ದಾನೆ ಕಣೇ. ಮುಖ ನೋಡಿದರೆ ಗೊತ್ತಾಗಲ್ವಾ?”

ಅಮ್ಮನ ಊಹೆ ಸರಿಯಿತ್ತು. ಅದು ನನಗೆ ತಿಳಿಯಲು ಇನ್ನೂ ನಾಲ್ಕು ಗಂಟೆ ಹಿಡಿಯಿತು.

ವೆಲೆನ್ ಅನ್ನುವ ಕೆಸರು ನಾಡು, ನೊವಿಗ್ರಾಡ್ ಅನ್ನುವ ದೊಡ್ಡ ಪೇಟೆ, ಸ್ಕೆಲಿಗೆ ಅನ್ನುವ ದ್ವೀಪಗಳು. ಹೀಗೆ ಸುತ್ತಿ ಸುತ್ತಿ ಏಪ್ರಿಲ್ ಹೊತ್ತಿಗೆ ಮಂಜಿನ ದ್ವೀಪದ ಹೊಸ್ತಿಲಿಗೆ ಬಂದೆ. ಸಿರಿ ಇರುವುದು ಅಲ್ಲೇ ಅಂತ ಗೊತ್ತಾಗಿದೆ. ದೋಣಿ ಹತ್ತುವುದೊಂದೇ ಬಾಕಿ. ಅಷ್ಟರಲ್ಲಿ ಟಿವಿ ಮೇಲೆ ಒಂದು ಫಲಕ ಬಂತು. ಮುಂದೆ ಹೋದರೆ ಕೆಲವು ಕೆಲಸಗಳು ಅರ್ಧಕ್ಕೇ ನಿಂತುಹೋಗುತ್ತವೆ, ಹೋಗಬೇಕಾ ಅನ್ನುವ ಪ್ರಶ್ನೆ.

ಮಜ್ಜಿಗೆ ಬಂತು.

ಆಡುವವರು ಇದನ್ನು ‘ಪಾಯಿಂಟ್ ಆಫ್ ನೋ ರಿಟರ್ನ್’ ಅನ್ನುತ್ತಾರೆ. ದಾಟಿದರೆ ವಾಪಸ್ ಇಲ್ಲ. ಇದು ಯಾಕೆ ಬೇಕು ಅಂದರೆ, ಕಥೆಯ ಕೊನೆಯ ಭಾಗದಲ್ಲಿ ಕೆಲವರು ಸಾಯುತ್ತಾರೆ, ಕೆಲವರು ಊರು ಬಿಡುತ್ತಾರೆ. ಸತ್ತವನೊಬ್ಬ ಇನ್ನೊಂದು ಸಣ್ಣ ಕಥೆಯಲ್ಲಿ ಬಾಗಿಲು ತೆರೆದು “ಬಾ ಗೆರಾಲ್ಟ್” ಅಂದರೆ ಅಭಾಸ. ಹಾಗಾಗದಂತೆ ಪ್ರತಿ ಸಣ್ಣ ಕಥೆಗೂ ನಾಲ್ಕಾರು ಬಗೆಯ ಸಂಭಾಷಣೆ ಬರೆದು, ನಟರಿಂದ ಓದಿಸಿ, ಪರೀಕ್ಷಿಸುವುದಕ್ಕೆ ದುಡ್ಡೂ ಸಾಲುವುದಿಲ್ಲ, ದಿನವೂ ಸಾಲುವುದಿಲ್ಲ. ಅದಕ್ಕೆ ಒಂದು ಗೇಟ್ ಹಾಕಿ, ಆ ಕಡೆಯ ಲೆಕ್ಕ ಆ ಕಡೆಗೇ ಮುಗಿಸುತ್ತಾರೆ. ಈ ಆಟದಲ್ಲೂ ಅಷ್ಟೇ. ಮುಂದಿನ ಯುದ್ಧಕ್ಕೆ ಹಳೆಯ ಗೆಳೆಯರನ್ನು ಕರೆಯುವ ಕೆಲಸಗಳಿವೆ. ದ್ವೀಪಕ್ಕೆ ಹೋಗುವ ಮುಂಚೆ ಕರೆಯದಿದ್ದರೆ ಆಮೇಲೆ ಕರೆಯುವ ಹಾಗಿಲ್ಲ.

ಆ ರಾತ್ರಿ ನಾನು ‘ಬೇಡ’ ಒತ್ತಿದೆ. ಗೆಳೆಯರನ್ನೆಲ್ಲ ನಾನು ಆಗಲೇ ಕರೆದಾಗಿತ್ತು. ಬಾಕಿ ಏನೂ ಇರಲಿಲ್ಲ. ಆದರೂ ‘ಬೇಡ’ ಒತ್ತಿದೆ. ಅಲ್ಲಿಂದ ಒಂದೂವರೆ ತಿಂಗಳು ಆ ದೋಣಿ ಹತ್ತಲಿಲ್ಲ.

ಏನು ಮಾಡಿದೆ ಅಂತ ಕೇಳಿ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸ್ಕೆಲಿಗೆಯ ಸಮುದ್ರದಲ್ಲಿ ಪೀಪಾಯಿ ಹೆಕ್ಕಿದೆ.

ಆ ಭೂಪಟದ ಸಮುದ್ರದ ತುಂಬ ಪ್ರಶ್ನೆ ಚಿಹ್ನೆಗಳು. ಹೋಗಿ ನೋಡಿದರೆ ಹೆಚ್ಚಿನ ಕಡೆ ಕಳ್ಳಸಾಗಣೆಯವರು ಬಿಟ್ಟುಹೋದ ಪೀಪಾಯಿಗಳು ತೇಲುತ್ತಿರುತ್ತವೆ. ಸುತ್ತ ರೆಕ್ಕೆಯಿರುವ ಸೈರನ್‌ಗಳು ಕಿರುಚುತ್ತಾ ಹಾರುತ್ತವೆ. ದೋಣಿ ನಿಲ್ಲಿಸಿ, ಅಡ್ಡಬಿಲ್ಲಿನಿಂದ ಒಂದೊಂದನ್ನೇ ಬೀಳಿಸಿ, ನೀರಿಗೆ ಹಾರಿ, ಪೀಪಾಯಿ ಒಡೆದರೆ ಒಳಗೆ ಒಂದಷ್ಟು ಕಾಸು, ತುಕ್ಕು ಹಿಡಿದ ಕತ್ತಿ, ಯಾರಿಗೂ ಬೇಡದ ಚರ್ಮ. ಮತ್ತೆ ದೋಣಿ ಹತ್ತು, ಮುಂದಿನ ಪ್ರಶ್ನೆ ಚಿಹ್ನೆಗೆ ಹೋಗು. ಈ ಆಟದ ಬೇಸರದ ಭಾಗ ಯಾವುದು ಅಂತ ಯಾರನ್ನಾದರೂ ಕೇಳಿ, ಹತ್ತರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ. ನಾನು ಅದನ್ನು ರಾತ್ರಿ ಹನ್ನೊಂದರವರೆಗೆ ಶ್ರದ್ಧೆಯಿಂದ ಮಾಡಿದೆ. ಹೊರೆ ಜಾಸ್ತಿಯಾಗಿ ಗೆರಾಲ್ಟ್ ಓಡುತ್ತಿರಲಿಲ್ಲ. ಪೇಟೆಗೆ ಹೋಗಿ ಕತ್ತಿ ಮಾರುತ್ತಿದ್ದೆ. ಜೇಬಿನಲ್ಲಿ 40 ಸಾವಿರ ಕ್ರೌನ್ ಸೇರಿತ್ತು. ಅದರಿಂದ ಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಅಮ್ಮ ಆ ಹೊತ್ತಿಗೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. “ಮಗು ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಹೋಗಿ ಕರ್ಕೊಂಡು ಬರೋದು ಬಿಟ್ಟು ಇದೇನೇ ಗುಜರಿ ವ್ಯಾಪಾರ?” ಅಂದರು.

ಉತ್ತರ ಇರಲಿಲ್ಲ. ಆಟದ ಒಳಗೆ ಸಿರಿಗೆ ಅಪಾಯ, ಒಂದು ನಿಮಿಷವೂ ತಡ ಮಾಡುವ ಹಾಗಿಲ್ಲ. ಆಟದ ಹೊರಗೆ ಸೋಫಾ ಮೇಲೆ ಕೂತ ನನಗೆ ತಡ ಮಾಡುವುದೊಂದೇ ಬೇಕು. ಆರ್‌ಪಿಜಿಗಳಲ್ಲಿ ಈ ಅಭಾಸ ಹಳೆಯದು. ಲೋಕ ಮುಳುಗುತ್ತಿದ್ದರೂ ನಾಯಕ ಇಸ್ಪೀಟ್ ಆಡುತ್ತಾ ಕೂರಬಹುದು, ಲೋಕ ಅವನಿಗಾಗಿ ಕಾಯುತ್ತದೆ. ಈ ಆಟದಲ್ಲಂತೂ ಗ್ವೆಂಟ್ ಅನ್ನುವ ಇಸ್ಪೀಟೇ ಇದೆ. ಅದರ ಕಾರ್ಡ್‌ಗಳನ್ನೆಲ್ಲ ಕೂಡಿಸುವುದೂ ಒಂದು ಕೆಲಸ. ಅದರ ಬಗ್ಗೆ ಶುರು ಮಾಡಿದರೆ ಗ್ರಂಥಾಲಯದವರು ದೀಪ ಆರಿಸುತ್ತಾರೆ.

ಕೊನೆ ಹತ್ತಿರವಾದಾಗ ಹೀಗೆ ಎಳೆದಾಡುವುದು ಹಳಬರಿಗೂ ಗೊತ್ತಿತ್ತಾ? ಇದನ್ನು ಯೋಚಿಸುವಾಗ ನನಗೆ ನೆನಪಾಗುವುದು ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’. 1986ರ ಮೇ 27ರಂದು ಬಂದದ್ದು. ಕಥೆ ಬರೆದವರು ಯೂಜಿ ಹೋರಿಯಿ. ಆಮೇಲೆ ಬಂದ ಎಷ್ಟೋ ಆಟಗಳಿಗೆ ಅದೇ ಅಚ್ಚು. ಅದರಲ್ಲಿ ಒಂದು ಚಂದದ ಸಂಗತಿ ಇದೆ. ನೀವು ಮೊದಲ ಸಲ ಅರಮನೆಯಿಂದ ಆಚೆ ಕಾಲಿಟ್ಟಾಗ, ನೀರಿನ ಆ ಕಡೆಯ ದಡದಲ್ಲಿ ಇನ್ನೊಂದು ಕೋಟೆ ಕಾಣುತ್ತದೆ. ಅದೇ ಡ್ರ್ಯಾಗನ್ ದೊರೆಯ ಕೋಟೆ. ಆಟ ಮುಗಿಯುವ ಜಾಗ. ನಾಲ್ಕು ಹೆಜ್ಜೆ ದೂರ, ನಡುವೆ ನೀರು. ಆ ನೀರು ದಾಟುವ ದಾರಿ ಹುಡುಕಿಕೊಂಡು ನಾಡೆಲ್ಲ ಸುತ್ತಬೇಕು. ಶುರುವಿನಲ್ಲೇ ಕೊನೆಯನ್ನು ಬೆರಳು ಮಾಡಿ ತೋರಿಸಿಬಿಟ್ಟಿದ್ದಾರೆ.

ಆಗ ಆಟವನ್ನು ಉಳಿಸಿಡುವುದು ಈಗಿನ ಹಾಗೆ ಸಲೀಸಿರಲಿಲ್ಲ. ಜಪಾನಿನಲ್ಲಿ ಬಂದ ಆ ಮೊದಲ ಆವೃತ್ತಿಯಲ್ಲಿ ರಾಜ ನಿಮಗೆ ಒಂದು ಮಂತ್ರ ಹೇಳುತ್ತಿದ್ದ. ಇಪ್ಪತ್ತು ಅಕ್ಷರದ್ದು. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮಾರನೇ ದಿನ ಮತ್ತೆ ತುಂಬಬೇಕು. ಒಂದಕ್ಷರ ತಪ್ಪಿದರೂ ಹಿಂದಿನ ದಿನದ ದುಡಿಮೆ ನೀರುಪಾಲು.

ಕೊನೆಗೆ ಡ್ರ್ಯಾಗನ್ ದೊರೆ ಎದುರಾದಾಗ ಅವನು ಒಂದು ಸೌದಾ ಮಾಡುತ್ತಾನೆ. ನನ್ನ ಕಡೆ ಬಂದರೆ ಅರ್ಧ ಲೋಕ ನಿನಗೆ. ‘ಹೂಂ’ ಅಂದರೆ ಆಟ ಅಲ್ಲಿಗೇ ಖತಂ. ‘ಉಹೂಂ’ ಅಂದು ಹೊಡೆದಾಡಿ ಗೆದ್ದರೂ ಆಟ ತಕ್ಷಣ ಮುಗಿಯುವುದಿಲ್ಲ. ಅರಮನೆಗೆ ನೀವೇ ವಾಪಸ್ ಬರಬೇಕು. ಅಲ್ಲಿಯವರೆಗೆ ಹತ್ತು ಹೆಜ್ಜೆಗೊಮ್ಮೆ ಮೇಲೆ ಬೀಳುತ್ತಿದ್ದ ಭೂತಗಳು ಈಗ ಒಂದೂ ಇಲ್ಲ. ಬಯಲೆಲ್ಲ ಖಾಲಿ. ಊರುಗಳಿಗೆ ಹೋದರೆ ಜನ ಖುಷಿಯಿಂದ ಮಾತಾಡಿಸುತ್ತಾರೆ. ಎಷ್ಟು ಹೊತ್ತು ಬೇಕಾದರೂ ಅಡ್ಡಾಡಿ, ಯಾರೂ ಅವಸರ ಮಾಡುವುದಿಲ್ಲ. ರಾಜನ ಎದುರು ಹೋಗಿ ನಿಂತಾಗಲೇ ಮುಗಿಯುವುದು. ಇವತ್ತಿನ ಕಣ್ಣಿಗೆ ಆ ಆಟದ ಚಿತ್ರಗಳು ರಂಗೋಲಿ ಚುಕ್ಕಿಯಷ್ಟೇ. ಆದರೆ ಆ ಖಾಲಿ ದಾರಿ ಕೊಟ್ಟರಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಮಜ್ಜಿಗೆ ಬಡಿಸಿ, ಎಲೆ ಎತ್ತುವ ಗಡಿಬಿಡಿ ಮಾಡದೆ ಇದ್ದರು.

ಜಪಾನಿನವರ ಇನ್ನೊಂದು ಮಾತೂ ನನಗಿಷ್ಟ. ‘ಫೈನಲ್ ಫ್ಯಾಂಟಸಿ’ ಆಟಗಳಲ್ಲಿ ಎಲಿಕ್ಸರ್ ಅಂತ ಅಪರೂಪದ ಔಷಧಿ ಸಿಗುತ್ತದೆ. ಅದರಲ್ಲೂ ದೊಡ್ಡದಕ್ಕೆ ಜಪಾನಿ ಭಾಷೆಯಲ್ಲಿ ‘ಲಾಸ್ಟ್ ಎಲಿಕ್ಸರ್’ ಅನ್ನುತ್ತಾರೆ. ಕುಡಿದರೆ ಇಡೀ ತಂಡದ ಸುಸ್ತು ಮಾಯ. ಆದರೆ ಯಾರೂ ಕುಡಿಯುವುದಿಲ್ಲ. ಇನ್ನೂ ಕಷ್ಟದ ಹೊತ್ತು ಬರಬಹುದು ಅಂತ ಎತ್ತಿಡುತ್ತಾರೆ. ಕೊನೆಯ ಯುದ್ಧವೂ ಮುಗಿದು ಹೆಸರುಗಳು ಮೇಲೇರುವಾಗ ನೋಡಿದರೆ ಚೀಲದಲ್ಲಿ ಎಲ್ಲ ಹಾಗೇ ಇರುತ್ತವೆ. ಈ ಚಾಳಿಗೆ ಅಲ್ಲಿಯ ಜನ ‘ಲಾಸ್ಟ್ ಎಲಿಕ್ಸರ್ ರೋಗ’ ಅಂತಲೇ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಮದುವೆಗೆ ಬಂದ ಸ್ಟೀಲ್ ಪಾತ್ರೆ ಅಟ್ಟದ ಮೇಲೆ ಇಪ್ಪತ್ತು ವರ್ಷ ಕೂರುವುದಿಲ್ಲವೇ, ಅದೇ ಇದು. ವಿಚರ್‌ನವರು ಈ ರೋಗಕ್ಕೆ ಮದ್ದು ಕಂಡುಹಿಡಿದಿದ್ದಾರೆ. ಇಲ್ಲಿ ಕಷಾಯ ಒಂದು ಸಲ ಕುದಿಸಿದರೆ ಸಾಕು. ಆಮೇಲೆ ಗೆರಾಲ್ಟ್ ಕಣ್ಣುಮುಚ್ಚಿ ಧ್ಯಾನಕ್ಕೆ ಕೂತು ಎದ್ದರೆ ಸೀಸೆಗಳು ತಾವೇ ತುಂಬಿರುತ್ತವೆ, ಚೀಲದಲ್ಲಿ ಸ್ವಲ್ಪ ಖಡಕ್ ಸಾರಾಯಿ ಇದ್ದರೆ ಆಯಿತು. ಧ್ಯಾನಕ್ಕೂ ಸಾರಾಯಿಗೂ ಇಷ್ಟು ಹತ್ತಿರದ ನಂಟು ನಾನು ಬೇರೆಲ್ಲೂ ಕಂಡಿಲ್ಲ.

ಸರಿ, ದೋಣಿ ಹತ್ತೋಣ.

ಮೇ ತಿಂಗಳ ಕೊನೆಗೆ ಹತ್ತಿದೆ. ಪೀಪಾಯಿಗಳು ಮುಗಿದಿದ್ದವು, ನೆಪವೂ ಮುಗಿದಿತ್ತು. ದ್ವೀಪದಲ್ಲಿ ಒಂದು ಗುಡಿಸಲು. ಒಳಗೆ ಹಾಸಿಗೆ ಮೇಲೆ ಸಿರಿ. ಉಸಿರಿಲ್ಲ. ಗೆರಾಲ್ಟ್ ಅವಳ ಪಕ್ಕ ಕೂರುತ್ತಾನೆ, ಎತ್ತಿ ಎದೆಗೊತ್ತಿಕೊಳ್ಳುತ್ತಾನೆ. ಮಾತಿಲ್ಲ. ಆಮೇಲೆ ಅವಳ ಕೈ ನಿಧಾನಕ್ಕೆ ಅವನ ಬೆನ್ನ ಮೇಲೆ ಬರುತ್ತದೆ. ಅಮ್ಮ ಚಾಕು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಮಾವಿನಕಾಯಿ ಸೊನೆ ಅಂದರು. ನಾನೂ ಹೌದು ಅಂದೆ.

ಅಲ್ಲಿಂದ ಆಟಕ್ಕೆ ಇಳಿಜಾರು. ಗೆರಾಲ್ಟನ ಗುರು ವೆಸೆಮಿರ್ ಕೋಟೆಯ ಕಾಳಗದಲ್ಲಿ ಸಾಯುತ್ತಾನೆ. ಸಿರಿ ಕುಸಿದುಹೋಗುತ್ತಾಳೆ. ನಾನು ಇವತ್ತು ಇಲ್ಲಿ ಬಂದು ಮಾತಾಡುವಂತೆ ಮಾಡಿದ್ದು ಈ ಭಾಗ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗುರು ಸತ್ತ ದುಃಖದಲ್ಲಿ ಸಿರಿ ಕೂತಿದ್ದಾಳೆ. ಗೆರಾಲ್ಟ್ ಏನು ಹೇಳಬೇಕು? ಎರಡು ಉತ್ತರ ಕಾಣುತ್ತವೆ. ಒಂದು, ಎಲ್ಲದರಲ್ಲೂ ನೀನೇ ಗೆಲ್ಲಬೇಕಂತಿಲ್ಲ ಅಂತ ಸಮಾಧಾನ ಹೇಳಿ ಕೂತು ಕುಡಿಯುವುದು. ಇನ್ನೊಂದು, ನಿನ್ನ ಮನಸ್ಸು ಹಗುರ ಮಾಡಲು ಏನು ಬೇಕು ಅಂತ ನನಗೆ ಗೊತ್ತು ಅಂತ ಹೇಳಿ ಹೊರಗೆ ಕರೆದುಕೊಂಡು ಹೋಗುವುದು. ನಾನು ಮೊದಲನೆಯದನ್ನು ಒತ್ತಿದೆ. ಸಾವಿನ ಮನೆಯಲ್ಲಿ ಸಮಾಧಾನ ಹೇಳುತ್ತೇವಪ್ಪ, ಹೊರಗೆ ಆಟ ಆಡಲು ಹೋಗುತ್ತೇವಾ?

ಆಮೇಲೆ ಮಾಂತ್ರಿಕಿಯರ ಕೂಟದಿಂದ ಸಿರಿಗೆ ಕರೆ ಬರುತ್ತದೆ. ಅವರು ಪಳಗಿದ ಹೆಂಗಸರು, ರಾಜರನ್ನೇ ಆಡಿಸಿದವರು. ಅವಳು ಒಳಗೆ ಹೋಗುವ ಮುಂಚೆ ಗೆರಾಲ್ಟ್ ಜೊತೆಗೆ ಹೋಗಬೇಕಾ, ಒಬ್ಬಳನ್ನೇ ಕಳಿಸಬೇಕಾ? ನಾನು ಯೋಚಿಸುತ್ತಿದ್ದೆ. ಅಮ್ಮ ಹಿಂದಿನಿಂದ ಅಂದರು, “ಒಬ್ಬಳನ್ನೇ ಕಳಿಸ್ತೀಯಾ? ಅಂಥವರ ಹತ್ತಿರ? ಜೊತೆಗೆ ಹೋಗೇ.” ಹೋದೆ.

ಮೂರನೆಯದು ಆವಲ್ಲಾಕ್ ಅನ್ನುವ ಎಲ್ಫ್ ಪಂಡಿತನ ಪ್ರಯೋಗಶಾಲೆಯಲ್ಲಿ. ಸಿರಿಯನ್ನು ಕಾಪಾಡುತ್ತಾ ಬಂದವನು ಅವನು. ಅವನು ತನ್ನನ್ನು ನಿಜವಾಗಿ ಹೇಗೆ ಕಂಡಿದ್ದ ಅಂತ ಅವಳಿಗೆ ಅಲ್ಲಿ ಗೊತ್ತಾಗುತ್ತದೆ. ಸಿಟ್ಟು ನೆತ್ತಿಗೇರುತ್ತದೆ. ಅಲ್ಲಿದ್ದದ್ದನ್ನೆಲ್ಲ ಒಡೆದುಹಾಕಬೇಕು ಅನ್ನಿಸುತ್ತದೆ. ತಣ್ಣಗಾಗು ಅನ್ನಬೇಕಾ, ಒಡಿ ಅನ್ನಬೇಕಾ? “ಪರರ ವಸ್ತು ಒಡೀತಾರೇನೇ?” ಅಂದರು ಅಮ್ಮ. ತಣ್ಣಗಾಗು ಅಂದೆ.

ಕೊನೆಯದು ಒಂದು ಸಮಾಧಿ. ಸಿರಿ ಕಷ್ಟದಲ್ಲಿದ್ದಾಗ ಸಹಾಯ ಮಾಡಿ ಸತ್ತ ಹುಡುಗ, ಸ್ಕ್ಯಾಲ್. ಅಲ್ಲಿಗೆ ಹೋಗಿ ಬರಬೇಕು ಅಂತಾಳೆ. ಹೋದೆವು. ಇದರಲ್ಲಿ ನಮ್ಮಿಬ್ಬರಿಗೂ ಎರಡು ಮಾತಿರಲಿಲ್ಲ.

ಈ ಯಾವ ಹೊತ್ತಿನಲ್ಲೂ ಆಟ ಸದ್ದು ಮಾಡುವುದಿಲ್ಲ. ಫಲಕ ಬರುವುದಿಲ್ಲ, ‘ಇದು ಮುಖ್ಯ, ನೋಡಿ ಒತ್ತು’ ಅನ್ನುವುದಿಲ್ಲ. ನೂರಾರು ಮಾತುಕತೆಗಳ ನಡುವೆ ಇವೂ ಹೋಗಿಬಿಡುತ್ತವೆ. ಆದರೆ ಆಟ ಹೇಗೆ ಮುಗಿಯುತ್ತದೆ ಅನ್ನುವುದು ನಿಂತಿರುವುದು ಇವುಗಳ ಮೇಲೆ. ಸಿರಿಯನ್ನು ಅವಳ ಹೆತ್ತ ತಂದೆ, ಚಕ್ರವರ್ತಿ ಎಮ್ಹಿರ್ ಹತ್ತಿರ ಕರೆದುಕೊಂಡು ಹೋಗುವುದೋ ಬೇಡವೋ ಅನ್ನುವುದೂ ಸೇರಿ ಒಟ್ಟು ಐದು ಗಳಿಗೆ. ಕಡೇ ಯುದ್ಧದಲ್ಲಿ ನೀವು ಎಷ್ಟು ಚುರುಕಾಗಿ ಕತ್ತಿ ಬೀಸಿದಿರಿ ಅನ್ನುವುದು ಲೆಕ್ಕಕ್ಕೇ ಇಲ್ಲ. ಕಳೆದ ನಲವತ್ತು ದಿನ ನಾನು ಪೀಪಾಯಿ ಹೆಕ್ಕಿ ತಳ್ಳುತ್ತಿದ್ದೆನಲ್ಲ, ಯಾವುದಕ್ಕೆ ಹೆದರಿ ತಳ್ಳಿದೆನೋ ಅದು ನಾನು ಗಮನಿಸದೆ ಒಂದು ಲೋಟ ಹೆಂಡದ ಹೊತ್ತಿನಲ್ಲಿ ಅರ್ಧ ತೀರ್ಮಾನವಾಗಿತ್ತು.

ಕೊನೆಯಲ್ಲಿ ಸಿರಿ ಒಬ್ಬಳೇ ಬಿಳಿ ಹಿಮದ ಎದುರು ನಡೆದು ಹೋಗುತ್ತಾಳೆ. ಲೋಕಗಳನ್ನೆಲ್ಲ ಹೆಪ್ಪುಗಟ್ಟಿಸುವ ಹಿಮ ಅದು. ಆಗ ಅವಳ ಕಣ್ಣ ಮುಂದೆ ಗೆರಾಲ್ಟ್ ಜೊತೆಗಿನ ಆ ಗಳಿಗೆಗಳು ಹಾದುಹೋಗುತ್ತವೆ. ಅವನು ಜೊತೆಗೆ ಬಂದು ತನ್ನ ಪರವಾಗಿ ಮಾತಾಡಿದ್ದು. ತಣ್ಣಗಾಗು ಅಂದದ್ದು. ನಾನು ಪ್ರೀತಿಯಿಂದಲೇ ಮಾಡಿದ್ದೆ. ಅವಳಿಗೆ ಅದು ‘ನಿನ್ನ ಮೇಲೆ ನಂಬಿಕೆ ಇಲ್ಲ’ ಅಂತ ಕೇಳಿಸಿತ್ತು. ಅವಳು ವಾಪಸ್ ಬರಲಿಲ್ಲ.

ಆಮೇಲೆ ಗೆರಾಲ್ಟ್ ಒಬ್ಬನೇ ವೆಲೆನ್‌ನ ಕೆಸರಿಗೆ ಹೋಗುತ್ತಾನೆ. ತಪ್ಪಿಸಿಕೊಂಡಿದ್ದ ಕೊನೆಯ ಮಾಟಗಾತಿಯನ್ನು ಕೊಂದು, ವೆಸೆಮಿರ್‌ನ ಪದಕ ವಾಪಸ್ ಪಡೆದು, ಅದನ್ನು ಕೈಯಲ್ಲಿ ಹಿಡಿದು ಗುಡಿಸಲಲ್ಲಿ ಕೂರುತ್ತಾನೆ. ಹೊರಗೆ ಪಿಶಾಚಿಗಳು ಮುತ್ತುತ್ತವೆ. ಅವನು ಏಳುವ ಗೋಜಿಗೇ ಹೋಗುವುದಿಲ್ಲ. ಅಷ್ಟೇ.

ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು. 142 ಗಂಟೆ ಆಡಿದ್ದೆ. ಅಮ್ಮ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾನು ಹೇಳಿದ್ದಕ್ಕೇ ಹೀಗಾಯ್ತಾ?” ಅಂದರು.

“ಇಲ್ಲಮ್ಮ, ಒತ್ತಿದ್ದು ನಾನು,” ಅಂದೆ. ಆದರೆ ಇಬ್ಬರಿಗೂ ನಿದ್ದೆ ಬರಲಿಲ್ಲ ಅಂತ ಬೆಳಿಗ್ಗೆ ಗೊತ್ತಾಯಿತು. ನಾನು ಮೊದಲ ಸಲ ಬೇರೆ ಊರಿಗೆ ಕೆಲಸಕ್ಕೆ ಹೊರಟಾಗ ಅಮ್ಮ ರೈಲಿನಲ್ಲಿ ಜೊತೆಗೆ ಬಂದು, ಆಫೀಸಿನ ಗೇಟಿನವರೆಗೂ ಬಿಟ್ಟು ಹೋಗಿದ್ದರು. ಅದು ಇಬ್ಬರಿಗೂ ನೆನಪಿತ್ತು. ಯಾರೂ ಎತ್ತಲಿಲ್ಲ.

ದೋಣಿ ಹತ್ತುವ ಮುಂಚಿನ ಸೇವ್, ಅಂದರೆ ಅಲ್ಲಿಯವರೆಗೆ ಉಳಿಸಿಟ್ಟ ಆಟ, ಹಾಗೇ ಇತ್ತು. ವಾರ ಬಿಟ್ಟು ಅಲ್ಲಿಂದ ಮತ್ತೆ ಶುರು ಮಾಡಿದೆ. ಇದನ್ನು ಮೋಸ ಅನ್ನುವವರಿದ್ದಾರೆ. ಅನ್ನಲಿ. 1995ರಲ್ಲಿ ಬಂದ ‘ಕ್ರೋನೋ ಟ್ರಿಗರ್’ ಹತ್ತಕ್ಕೂ ಹೆಚ್ಚು ಬಗೆಯ ಕೊನೆ ಇಟ್ಟು, ಮುಗಿಸಿದವರು ಗಳಿಸಿದ ಬಲದ ಸಮೇತ ಮತ್ತೆ ಮೊದಲಿನಿಂದ ಆಡಲಿ ಅಂತ ‘ನ್ಯೂ ಗೇಮ್ ಪ್ಲಸ್’ ಕೊಟ್ಟಿತ್ತು. ಮತ್ತೆ ಮತ್ತೆ ಆಡುವುದು ಈ ಆಟಗಳ ಹುಟ್ಟುಗುಣ.

ಈ ಸಲ ಕುಡಿಯಲಿಲ್ಲ. ಹೊರಗೆ ಹೋದರೆ ಅದೇನು ಗೊತ್ತಾ? ಹಿಮದ ಉಂಡೆ ಮಾಡಿ ಒಬ್ಬರಿಗೊಬ್ಬರು ಎಸೆಯುವ ಆಟ. ಗುರು ಸತ್ತಿದ್ದಾನೆ, ಕೋಟೆ ಒಡೆದಿದೆ, ಇವರಿಬ್ಬರು ಹಿಮದಲ್ಲಿ ಬಿದ್ದು ನಗುತ್ತಾರೆ. ಪ್ರಯೋಗಶಾಲೆಯಲ್ಲಿ ಒಡಿ ಅಂದೆ, ಗೆರಾಲ್ಟನೂ ಕೈ ಜೋಡಿಸಿದ. ಮಾಂತ್ರಿಕಿಯರ ಬಾಗಿಲಿಗೆ ಬಂದಾಗ ನಾನು ಹಿಂತಿರುಗಿ ಅಮ್ಮನ ಮುಖ ನೋಡಿದೆ. ಅಮ್ಮ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, “ಕಳಿಸು. ಹೋಗಿ ಬರ್ತಾಳೆ,” ಅಂದರು.

ಆಟ ಶುರುವಾದ ವೈಟ್ ಆರ್ಚರ್ಡ್ ಅನ್ನುವ ಹಳ್ಳಿಯ ಅದೇ ಹೋಟೆಲಿನಲ್ಲಿ ಈ ಸಲ ಮುಗಿಯಿತು. ಗೆರಾಲ್ಟ್ ಸಿರಿಗೆ ಬೆಳ್ಳಿ ಕತ್ತಿ ಕೊಡುತ್ತಾನೆ. ಅವಳೂ ಅವನ ಕಸುಬಿಗೇ ಇಳಿಯುತ್ತಾಳೆ. “ಹೆಣ್ಣುಮಗು ಕೈಗೆ ಕತ್ತಿ,” ಅಂತ ಅಮ್ಮ ಒಂದು ಸಲ ಗೊಣಗಿದರು. ದಾಖಲೆಗೆ ಇರಲಿ ಅಂತ. 2024ರ ಡಿಸೆಂಬರ್‌ನಲ್ಲಿ ಮುಂದಿನ ವಿಚರ್ ಆಟದ ಮೊದಲ ಟ್ರೈಲರ್ ಬಂದಾಗ ಅದರ ನಾಯಕಿ ಸಿರಿಯೇ ಅಂತ ಗೊತ್ತಾಯಿತು. ಆ ಟ್ರೈಲರ್ ಅನ್ನು ಅಮ್ಮ ಎರಡು ಸಲ ಹಾಕಿಸಿಕೊಂಡು ನೋಡಿದರು.

ಕತೆ ಮುಗಿದ ಮೇಲೆ ಆಟ ನಿಮ್ಮನ್ನು ಮತ್ತೆ ಅದೇ ಲೋಕಕ್ಕೆ ಬಿಡುತ್ತದೆ. ಕುದುರೆ ರೋಚ್ ಇರುತ್ತದೆ, ಕೆಲವು ಸಲ ಮನೆಯ ಸೂರಿನ ಮೇಲೆ ಹತ್ತಿ ನಿಂತಿರುತ್ತದೆ. ಅದು ಆಟದ ಹೆಸರಾದ ದೋಷ. ಪೀಪಾಯಿಗಳಿರುತ್ತವೆ. ಸಿರಿ ಇರುವುದಿಲ್ಲ. ಎಷ್ಟು ಸುತ್ತಿದರೂ ಸಿಗುವುದಿಲ್ಲ. ಡ್ರ್ಯಾಗನ್ ಕ್ವೆಸ್ಟ್‌ನ ಖಾಲಿ ಬಯಲಿನ ಹಾಗಲ್ಲ ಇದು. ಇದು ಮದುವೆ ಮುಗಿದ ಮಾರನೇ ದಿನದ ಛತ್ರ.

ಈ ವಿಷಯದಲ್ಲಿ ‘ಬಾಲ್ಡರ್ಸ್ ಗೇಟ್ 3’ ಮಾಡಿದ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್‌ನವರು ಜಾಣರು. ಅವರೂ ಮೊದಲು ಎಡವಿದ್ದರು. 2023ರ ಆಗಸ್ಟ್‌ನಲ್ಲಿ ಆಟ ಬಂದಾಗ ಕೊನೆ ಥಟ್ಟಂತ ಮುಗಿಯುತ್ತಿತ್ತು. ನೂರು ಗಂಟೆ ಜೊತೆಗಿದ್ದ ಗೆಳೆಯರು ಎರಡು ಮಾತಾಡಿ ಚದುರಿಹೋಗುತ್ತಿದ್ದರು. ಆಡಿದವರು ಗೊಣಗಿದರು. ಅದೇ ವರ್ಷ ನವೆಂಬರ್ 30ರಂದು ಒಂದು ಅಪ್‌ಡೇಟ್ ಬಂತು. ಅದರಲ್ಲಿ ಒಂದು ಔತಣ. ಯುದ್ಧ ಮುಗಿದು ಆರು ತಿಂಗಳಾಗಿದೆ. ಹಳೆಯ ಬಿಡಾರದಲ್ಲಿ ಮತ್ತೆ ಎಲ್ಲರೂ ಸೇರುತ್ತಾರೆ. ಯಾರು ಏನು ಮಾಡುತ್ತಿದ್ದಾರೆ ಅಂತ ಒಬ್ಬೊಬ್ಬರ ಹತ್ತಿರ ಹೋಗಿ ಕೇಳಬಹುದು. ಬರಲಾಗದವರ ಕಾಗದ ಓದಬಹುದು. ಹೊಡೆದಾಟ ಒಂದೂ ಇಲ್ಲ, ಬರೀ ಕುಶಲ ವಿಚಾರಿಸುವುದು. ದುಡ್ಡು ಕೊಟ್ಟು ಆಡುವ ಆಟಕ್ಕೆ ಕುಶಲ ಸಮಾಚಾರವನ್ನು ಆಮೇಲೆ ಸೇರಿಸಿಕೊಡಬೇಕಾಯಿತು ಅನ್ನುವುದೇ ನನಗೆ ಖುಷಿ.

ವಿಚರ್‌ನವರು ಮಾಡಿದ್ದು ಬೇರೆ. 2016ರ ಮೇ ಕೊನೆಗೆ ‘ಬ್ಲಡ್ ಆ್ಯಂಡ್ ವೈನ್’ ಅನ್ನುವ ದೊಡ್ಡ ಡಿಎಲ್‌ಸಿ, ಅಂದರೆ ಆಟಕ್ಕೆ ಆಮೇಲೆ ಸೇರಿಸುವ ಹೊಸ ಭಾಗ, ಕೊಟ್ಟರು. ಟೂಸಾಂ ಅನ್ನುವ ಬಿಸಿಲಿನ ನಾಡು, ದ್ರಾಕ್ಷಿ ತೋಟಗಳು. ಅಲ್ಲಿ ಗೆರಾಲ್ಟ್‌ಗೆ ಒಂದು ತೋಟದ ಮನೆ ಬಹುಮಾನವಾಗಿ ಸಿಗುತ್ತದೆ, ಹೆಸರು ಕೊರ್ವೊ ಬಿಯಾಂಕೊ. ಮನೆ ಹಳೆಯದು, ರಿಪೇರಿ ಬೇಕು. ಹಾಸಿಗೆ ಬದಲಿಸಿ, ಕುದುರೆ ಲಾಯ ಕಟ್ಟಿಸಿ, ಗೋಡೆಗೆ ಚಿತ್ರ ಹಾಕಿ. ಕೊಳ್ಳಲು ಏನೂ ಇಲ್ಲದೆ ಕೊಳೆಯುತ್ತಿದ್ದ ನನ್ನ 40 ಸಾವಿರ ಕ್ರೌನ್‌ಗೆ ಕೊನೆಗೂ ಒಂದು ದಾರಿಯಾಯಿತು. ಪೀಪಾಯಿ ಹೆಕ್ಕಿದ್ದು ದಂಡವಾಗಲಿಲ್ಲ ಅಂತ ಅಮ್ಮನಿಗೆ ತೋರಿಸಿದೆ. “ಅಡುಗೆಮನೆ ಎಲ್ಲಿ?” ಅಂದರು.

ನಾನು ಈಗ ಇರುವುದು ಆ ಮನೆಯಲ್ಲಿ. ಎರಡು ಸಣ್ಣ ಕೆಲಸ ಬಾಕಿ, ಆಮೇಲೆ ಕಥೆಯ ಕೊನೆಯ ಭಾಗ. ದಿನಾ ಆಟ ಹಾಕುತ್ತೇನೆ. ಗೆರಾಲ್ಟ್ ಹಾಸಿಗೆಯಿಂದ ಏಳುತ್ತಾನೆ. ತೋಟದಲ್ಲಿ ಒಂದು ಸುತ್ತು ಹಾಕುತ್ತಾನೆ. ಮತ್ತೆ ಮಲಗುತ್ತಾನೆ.

(ಮಾತು ಇಲ್ಲಿಗೆ ಮುಗಿಯಿತು. ಪ್ರಶ್ನೆಗಳಿಗೆ ಸಮಯ ಕೊಟ್ಟರು. ಮುಂದಿನ ಸಾಲಿನ ಹಿರಿಯರೊಬ್ಬರು ಇದಕ್ಕೆಲ್ಲ ಎಷ್ಟು ಖರ್ಚಾಗುತ್ತದೆ ಅಂತ ಕೇಳಿದರು. ರಿಯಾಯಿತಿ ಸಮಯದಲ್ಲಿ ಕೊಂಡರೆ ಒಂದು ಮಸಾಲೆದೋಸೆ ಪಾರ್ಟಿಗಿಂತ ಕಡಿಮೆ ಅಂದೆ. ಆಮೇಲೆ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದ ಹುಡುಗ ಕೈ ಎತ್ತಿದ.)

“ಮೇಡಂ, ಟೂಸಾಂ ಇನ್ನೂ ಮುಗಿಸಿಲ್ವಾ?”

“ಇಲ್ಲಪ್ಪ.”

“ಮುಗಿಸಿ ಮೇಡಂ. ಕೊನೆಗೆ ಗೆಳೆಯ ರೀಜಿಸ್ ಜೊತೆ ಮಾತಾಡ್ತಾ ಮಾತಾಡ್ತಾ ಗೆರಾಲ್ಟ್ ತಿರುಗಿ ನಮ್ಮ ಕಡೆ ನೋಡ್ತಾನೆ. ಸೀದಾ ಟಿವಿಯಿಂದ ನಮ್ಮ ಕಡೆ. ನೋಡಿ ಒಂದು ಸಣ್ಣ ನಗು...”

ಅಲ್ಲಿಗೆ ಅವನಿಗೆ ಹೊಳೆಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡ. ಇಡೀ ಸಭೆ ನನ್ನ ಮುಖ ನೋಡುತ್ತಿತ್ತು.